ಸದನಕ್ಕೆ ಹೋದ ನಿಂಬೆಹಣ್ಣು

ನನ್ನ ಅತ್ತೆಯ ತವರು ಇಂಡಿ. ವಿಜಯಪುರ ಜಿಲ್ಲೆಯ ಆ ಭಾಗದವರಿಗೆ ನಿಂಬೆಹಣ್ಣು ಎಂದರೆ ಬರೀ ಹಣ್ಣಲ್ಲ. ಜ್ವರ ಬಂದರೆ ನಿಂಬೆ, ದೃಷ್ಟಿ ತಾಗಿದರೆ ನಿಂಬೆ, ಮನೆಗೆ ದೊಡ್ಡವರು ಯಾರಾದರೂ ಬಂದರೆ ಹೋಗುವಾಗ ಅವರ ಕೈಗೊಂದು ನಿಂಬೆ. ಹೈದರಾಬಾದಿಗೆ ಬಂದು, ಕುಷಾಯಿಗೂಡದ ಗಲ್ಲಿಯೊಂದರಲ್ಲಿ ಮನೆ ಮಾಡಿಕೊಂಡು, ಅರ್ಧ ಆಯುಷ್ಯ ಕಳೆದರೂ ಅತ್ತೆ ಇಲ್ಲಿನ ಮಾರ್ಕೆಟ್ಟಿನ ನಿಂಬೆಹಣ್ಣನ್ನು ಮುಟ್ಟಿದವರಲ್ಲ. "ಇವು ಬರೇ ನೀರು" ಎಂದು ಮುಖ ಸಿಂಡರಿಸುತ್ತಾರೆ. ಅವರ ತಮ್ಮ ಆಗಾಗ ಬಸ್ಸಿಗೆ ಹಾಕಿ ಒಂದು ಚೀಲ ನಿಂಬೆ ಕಳಿಸುತ್ತಾನೆ. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಮುಗಿದ ದಿನಗಳಿವೆ, ಆ ಚೀಲ ಮುಗಿದದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ನಾನು ನಾಚಾರಂನಲ್ಲಿ ರಟ್ಟಿನ ಡಬ್ಬಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಲ್ ಮಾಡುವ ಕೆಲಸದವಳು. ಕಣ್ಣಿಗೆ ಕಂಡದ್ದನ್ನೇ ಇನ್ನೊಮ್ಮೆ ನೋಡಿ ಆಮೇಲೆ ನಂಬುವ ಜಾತಿ. ಅತ್ತೆಗೂ ನನಗೂ ಈ ವಿಷಯಕ್ಕೆ ದಿನಾ ಒಂದು ಸಣ್ಣ ಕುಸ್ತಿ ಇದ್ದೇ ಇರುತ್ತಿತ್ತು.

"ಲಿಂಬಿಕಾಯಿಂದ ಜಡ್ಡು ಹೋಗೂದಿದ್ರ ಡಾಕ್ಟರು ಯಾಕ ಬೇಕ್ರಿ ಅತ್ತಿ?" ಅನ್ನುತ್ತಿದ್ದೆ.

"ಡಾಕ್ಟರ ಕಡೆ ಹೋಗಿ ಬಂದಮ್ಯಾಲೂ ನೀ ಲಿಂಬಿ ಶರಬತ್ತ ಕೇಳ್ತಿ ಹೌದಿಲ್ಲ?" ಎಂದು ಅವರು ಬಾಯಿ ಮುಚ್ಚಿಸುತ್ತಿದ್ದರು.

ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ. ಕುಷಾಯಿಗೂಡದಿಂದ ಪಟಾನ್‌ಚೆರುವಿಗೆ, ಊರಿನ ಈ ತುದಿಯಿಂದ ಆ ತುದಿಗೆ. ಅಲ್ಲಿನ ಔಷಧಿ ಫ್ಯಾಕ್ಟರಿಗಳಿಗೆ ಹೋಗುವವರೆಲ್ಲ ಆ ಬಸ್ಸಿಗೇ ಜೋತುಬೀಳುವವರು. ಹೆಂಗಸರಿಗೆ ಟಿಕೆಟ್ ಮಾಫಿ ಆದ ಮೇಲಂತೂ ಬಸ್ಸಿನೊಳಗೆ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ. ಆ ಮಾಫಿಯನ್ನು ನಾನೂ ಅನುಭವಿಸುವವಳೇ, ಅದನ್ನು ತಪ್ಪೆನ್ನುವುದಿಲ್ಲ. ಜನ ಹೆಚ್ಚಾದರು, ಗಾಡಿ ಮಾತ್ರ ಅದೇ ಹಳೆಯದು.

ಆಯುಧಪೂಜೆಗೆ ಎಲ್ಲ ಡ್ರೈವರುಗಳೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹಾಯಿಸುತ್ತಾರೆ. ಕೆಲವರು ಅಮಾವಾಸ್ಯೆಗೂ ಇಡುತ್ತಾರೆ. ನನ್ನ ಗಂಡ ಇದ್ದಕ್ಕಿದ್ದಂತೆ ದಿನಾ ಇಡತೊಡಗಿದರು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅತ್ತೆ ಚೀಲದಿಂದ ಒಂದು ಹಣ್ಣು ಆರಿಸಿ, ಸೆರಗಿನಿಂದ ಒರೆಸಿ ಮಗನ ಅಂಗಿಯ ಜೇಬಿಗೆ ಹಾಕುತ್ತಿದ್ದರು. ಡಿಪೋದಲ್ಲಿ ಅದು ಮುಂದಿನ ಚಕ್ರದ ಕೆಳಗೆ ಹೋಗುತ್ತಿತ್ತು. ತೆಲುಗಿನವರು ನಿಂಬೆಹಣ್ಣಿಗೆ ನಿಮ್ಮಕಾಯ ಅನ್ನುತ್ತಾರೆ. ಡಿಪೋದಲ್ಲಿ ಇವರಿಗೆ 'ನಿಮ್ಮಕಾಯ ಡ್ರೈವರ್' ಎಂದೇ ಹೆಸರು ಬಿತ್ತು. ಇವರು ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾಕೆ ಎಂದು ಕೇಳಿದರೆ, "ಅವ್ವನ ಸಮಾಧಾನಕ್ಕ" ಎನ್ನುತ್ತಿದ್ದರು.

ನಿಜ ನನಗೆ ತಿಳಿದದ್ದು ಒಂದು ದಿನ ಅವರ ಬಸ್ಸಿನಲ್ಲೇ ಹೋದಾಗ. ಪಟಾನ್‌ಚೆರುವಿನಲ್ಲಿ ನನ್ನ ಚಿಕ್ಕಮ್ಮನ ಮಗಳ ಕೂಸಿಗೆ ತೊಟ್ಟಿಲ ಕಾರ್ಯವಿತ್ತು. ರಜೆ ಹಾಕಿ, ರೇಷ್ಮೆ ಸೀರೆ ಉಟ್ಟು, ಗಂಡನ ಬಸ್ಸು ಎಂಬ ಗತ್ತಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತೆ. ಸಿಕಂದರಾಬಾದ್ ದಾಟುವ ಹೊತ್ತಿಗೆ ಯಾರದೋ ಟಿಫಿನ್ ಡಬ್ಬಿ ನನ್ನ ಭುಜಕ್ಕೆ, ಯಾರದೋ ಮೊಣಕೈ ನನ್ನ ಕಿವಿಗೆ. ಆದರೂ ಖುಷಿಯಾಗಿದ್ದೆ. ಗಂಡ ಗಾಡಿ ಹೊಡೆಯುವುದನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ವರ್ಷವಾಗಿತ್ತು.

ಮುಂದೆ ಒಂದು ಫ್ಲೈಓವರ್ ಇಳಿಯುವಾಗ ಅವರ ಬಲಗಾಲು ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಧಾನವಾಗಲಿಲ್ಲ. ಅವರು ಸೀಟಿನಿಂದ ಅರ್ಧ ಎದ್ದು, ಇಡೀ ಮೈಯ ಭಾರ ಬಿಟ್ಟು ಕಾಲು ಒತ್ತಿದರು. ಆಗಲೂ ಇಲ್ಲ. ಕೆಳಗೆ ಒಂದು ಆಟೋ ಅಡ್ಡ ನಿಂತಿತ್ತು. ಆಟೋದ ಹಿಂಬದಿಯ ಕಿಂಡಿಯಲ್ಲಿ ಒಂದು ಮಗು ನಮ್ಮ ಕಡೆ ನೋಡುತ್ತಿದ್ದದ್ದು ನನಗೆ ಕಂಡಿತು. ಇವರು ಸ್ಟೀರಿಂಗ್ ತಿರುಗಿಸಿದರು, ಆಮೇಲೆ ಏನೋ ನೆನಪಾದಂತೆ ಬ್ರೇಕ್ ಹಿಡಿಯಿತು. ಎಲ್ಲರೂ ಒಮ್ಮೆ ಮುಂದಕ್ಕೆ ಜೋಲಿ ಹೊಡೆದು ಬೈದುಕೊಂಡು ಸುಮ್ಮನಾದರು. ನನ್ನ ಪಕ್ಕದ ಹುಡುಗಿ ತಲೆಗೆ ಪಿನ್ನು ಚುಚ್ಚಿಕೊಳ್ಳುವುದನ್ನು ಮುಂದುವರಿಸಿದಳು. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ನೋಡಿದ್ದು ಗೊತ್ತಾಗಿ ಕಣ್ಣು ತೆಗೆದುಬಿಟ್ಟರು.

ಪಟಾನ್‌ಚೆರುವಿನಲ್ಲಿ ಜನ ಇಳಿದ ಮೇಲೆ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದು, "ಮನ್ಯಾಗ ಹೇಳಬ್ಯಾಡ" ಅಂದರು.

"ಡಿಪೋದಾಗ ಹೇಳೀರಿಲ್ಲರಿ?"

"ಹೇಳೀನಿ. ಮೆಕ್ಯಾನಿಕ್ ನೋಡ್ಯಾನ. ಸಾಮಾನ ಬರಬೇಕು, ಬಂದಕೂಡ್ಲೆ ಹಾಕ್ತೀನಿ ಅಂತಾನ. ಅವನರೆ ಏನ ಮಾಡ್ತಾನ?"

"ಈ ಗಾಡಿ ಒಯ್ಯೂದಿಲ್ಲ ಅನ್ರಿ ಮತ್ತ."

ಅವರು ಖಾಲಿ ಬಾಟಲಿಯ ಮುಚ್ಚಳ ತಿರುಗಿಸಿದರು. "ನಾ ಒಯ್ಯಲಿಲ್ಲಂದ್ರ ಇನ್ನೊಬ್ಬ ಒಯ್ತಾನ. ಅವಗ ಇದರ ಚಾಳಿ ಗೊತ್ತಿಲ್ಲ. ನನಗ ಗೊತ್ತೈತಿ. ಒತ್ತಿದ ಮ್ಯಾಲೆ ಎಷ್ಟೊತ್ತಿಗೆ ಹಿಡೀತೈತಿ ಅನ್ನೂದು ಕಾಲಿಗೆ ಗೊತ್ತಾಗೇತಿ."

ತೊಟ್ಟಿಲ ಕಾರ್ಯದಲ್ಲಿ ನಾನು ಏನು ಹಾಡಿದೆನೋ, ಏನು ಉಂಡೆನೋ ನೆನಪಿಲ್ಲ. ಅವತ್ತಿನಿಂದ ಹೆದರಿಕೆ ನನ್ನ ಜೊತೆ ನಾಚಾರಂಗೂ ಬರತೊಡಗಿತು. ಬಿಲ್ ಮಾಡುತ್ತಿದ್ದರೂ ಈಗ ಇವರು ಯಾವ ಫ್ಲೈಓವರಿನ ಮೇಲೆ ಇರಬಹುದು ಎಂದು ಒಳಗೊಳಗೇ ಲೆಕ್ಕ. ಫೋನ್ ಬಡಿದರೆ ಮೊದಲು ನಂಬರು ನೋಡುತ್ತಿದ್ದೆ. ಗೊತ್ತಿಲ್ಲದ ನಂಬರಾದರೆ ಎತ್ತುವುದಕ್ಕೇ ಕೈ ಬರುತ್ತಿರಲಿಲ್ಲ. ಎಷ್ಟೋ ಸಲ ಅದು ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನ ಹುಡುಗಿಯಾಗಿರುತ್ತಿದ್ದಳು. ಅವಳ ದನಿ ಕೇಳಿ ನನಗೆ ಅಳು ಬಂದದ್ದೂ ಇದೆ.

ಅತ್ತೆಗೆ ತಿಳಿಯದ ಹಾಗೆ ಇದ್ದೆವು ಎಂದುಕೊಂಡಿದ್ದೆ. ಆದರೆ ಸಂಜೆ ಮಗನ ಬಲಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕುವವರು ಅವರೇ. ಒಂದು ದಿನ ತಿಕ್ಕುತ್ತ ನನ್ನ ಕಡೆ ನೋಡದೆಯೇ, "ಒಂದ ಕಾಲಿಗೆ ಯಾಕ ಇಷ್ಟು ಬ್ಯಾನಿ ಬರ್ತೈತಿ ಅಂತ ಅವ್ವಗ ತಿಳ್ಯೂದಿಲ್ಲೇನು?" ಅಂದರು. ಮೂವರಿಗೂ ಗೊತ್ತಿತ್ತು. ಮೂವರೂ ಒಬ್ಬರಿಂದೊಬ್ಬರಿಗೆ ಮುಚ್ಚಿಡುತ್ತಿದ್ದೆವು.

ಹೀಗಿರುವಾಗ ನಮ್ಮ ಗಲ್ಲಿಗೆ ಶಾಸಕರು ಬಂದರು. ಅವರು ವಿರೋಧ ಪಕ್ಷದವರು. ಚರಂಡಿ ಉಕ್ಕಿ ರಸ್ತೆಗೆ ಬಂದಿತ್ತು, ಅದನ್ನು ನೋಡಲು ಬೆಳಿಗ್ಗೆ ಬೆಳಿಗ್ಗೆ ಬಂದಿದ್ದರು. ಬಿಳಿ ಅಂಗಿ, ಹಿಂದೆ ಫೋನ್ ಎತ್ತಿ ಹಿಡಿದುಕೊಂಡು ವಿಡಿಯೋ ತೆಗೆಯುವವರ ಸಣ್ಣ ದಂಡು. ಅತ್ತೆ ಬಾಗಿಲ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಕೈಮುಗಿದು, ಚಾ ಕುಡಿದು ಹೋಗಬೇಕು ಎಂದು ಹಟ ಹಿಡಿದರು. ಅವರೂ ಕೂತರು. ಮನುಷ್ಯ ಒಳ್ಳೆಯವರೇ, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಅತ್ತೆಯ ತಲೆಯೊಳಗಿನ ಲೆಕ್ಕ ಹೇಳಬೇಕು. ಅವರ ಚಿಕ್ಕಂದಿನಲ್ಲಿ ಊರ ಗೌಡರು ಓಣಿಗೆ ಬಂದು ಕಟ್ಟೆಯ ಮೇಲೆ ಕೂತರೆ, ಕಷ್ಟ ಹೇಳಿಕೊಂಡವರ ಕೆಲಸ ಸಂಜೆಯೊಳಗೆ ಆಗುತ್ತಿತ್ತಂತೆ. ಗೌಡರು ಯಾರಿಗೋ ಹೇಳುವುದು, ಅವರು ಬಂದು ಮಾಡುವುದು, ಅಲ್ಲಿಗೆ ಮುಗಿಯಿತು. ಶಾಸಕರೆಂದರೂ ಅಂಥವರೇ ಎಂದು ಅವರು ತಿಳಿದಿದ್ದರು. ಶಾಸಕರು ಡಿಪೋಗೆ ಒಂದು ಮಾತು ಹೇಳುತ್ತಾರೆ, ಸಂಜೆಗೆ ಬ್ರೇಕ್ ಸರಿಯಾಗುತ್ತದೆ. ಸದನ, ಪ್ರಶ್ನೆ, ಉತ್ತರ, ಪೇಪರು, ಇವೆಲ್ಲ ನಡುವೆ ಬರುತ್ತವೆ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ.

ನಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಹೊರಗಿನಿಂದ ಅತ್ತೆಯ ಹಿಂದಿ ಕೇಳಿಸಿತು. "ಸಾಬ್, ಮೇರಾ ಬೇಟಾ ಸರ್ಕಾರೀ ಬಸ್ ಚಲಾತಾ. ಬ್ರೇಕ್ ನಹೀ ಪಕಡ್ತಾ ಸಾಬ್. ರೋಜ್ ನಿಂಬೂ ರಖ್‌ಕೇ ಜಾತಾ."

ಬ್ರೇಕ್ ಹಿಡಿಯುವುದಿಲ್ಲ, ಮಗ ದಿನಾ ನಿಂಬೆ ಇಟ್ಟು ಹೋಗುತ್ತಾನೆ ಎಂದು ಹೇಳುತ್ತಿದ್ದರು! ಅರ್ಧ ಜಡೆಯಲ್ಲೇ ಹೊರಗೆ ಓಡಿದೆ. "ಸುಮ್ಕಿರ್ರಿ ಅತ್ತಿ!" ಎಂದು ಅವರ ಕೈ ಹಿಡಿದೆ. ಶಾಸಕರ ಕಿವಿ ಆಗಲೇ ನೆಟ್ಟಗಾಗಿತ್ತು. "ನಿಂಬೂ?" ಎಂದು ಕೇಳಿದರು. ಅತ್ತೆ ಎಲ್ಲವನ್ನೂ ಹೇಳಿದರು. ಯಾವ ಊರಿನ ಬಸ್ಸು, ಯಾವ ಚಕ್ರ, ಮಗನ ಮೊಣಕಾಲು, ಎಳ್ಳೆಣ್ಣೆ. ಹಾಗೇನಿಲ್ಲ ಸರ್, ವಯಸ್ಸಾದವರು ಏನೋ ಹೇಳುತ್ತಾರೆ ಎಂದು ನಾನು ತೆಲುಗಿನಲ್ಲಿ ತೇಪೆ ಹಾಕಲು ನೋಡಿದೆ. ಅವರು ನನ್ನ ಮುಖ ನೋಡಿ, "ಹೆದರಬೇಡಮ್ಮಾ, ಯಾರ ಹೆಸರನ್ನೂ ನಾನು ಹೇಳುವುದಿಲ್ಲ" ಎಂದರು. ಏಳುವಾಗ ಅತ್ತೆ ಒಳಗೆ ಹೋಗಿ ಚೀಲದಿಂದ ಒಳ್ಳೆಯದೊಂದು ನಿಂಬೆಹಣ್ಣು ತಂದು ಅವರ ಕೈಗಿಟ್ಟರು. ದೊಡ್ಡವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು.

ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು. ಹೆಸರು ಹೇಳಲಿಲ್ಲ.

ಅಧಿವೇಶನ ಶುರುವಾದ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಜೊತೆ ಕೆಲಸ ಮಾಡುವಾಕೆ ಬಿದ್ದು ಬಿದ್ದು ನಗುತ್ತ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ವಿಧಾನಸಭೆಯ ವಿಡಿಯೋ. ನಮ್ಮ ಶಾಸಕರು ನಿಂತಿದ್ದರು. ಸರಿಯಾದ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಜನ ಇಷ್ಟು ಹೆಚ್ಚಾದ ಮೇಲೆ ಬಸ್ಸು ಯಾಕೆ ಹೆಚ್ಚಾಗಿಲ್ಲ? ಹಳೆಯ ಬಸ್ಸುಗಳನ್ನು ಯಾವಾಗ ಬದಲಿಸುತ್ತೀರಿ? ಹೆರಿಗೆ ಆಸ್ಪತ್ರೆಯ ಮುಂದೆ ಬಸ್ಸು ಯಾಕೆ ನಿಲ್ಲಿಸುವುದಿಲ್ಲ? ಗಲ್ಲಿಯ ಚರಂಡಿಯನ್ನೂ ಮರೆಯಲಿಲ್ಲ. ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ನಮ್ಮ ಮನೆಯ ಚಾ ಕುಡಿದ ಮನುಷ್ಯ ಇಷ್ಟು ಚೆನ್ನಾಗಿ ಕೇಳುತ್ತಿದ್ದಾನಲ್ಲ ಎಂದು.

ಆಮೇಲೆ ಅವರು ಜೇಬಿಗೆ ಕೈ ಹಾಕಿ ನಿಂಬೆಹಣ್ಣು ತೆಗೆದು ಮೇಲೆತ್ತಿ ಹಿಡಿದರು. "ಮಂತ್ರಿಗಳೇ, ಕುಷಾಯಿಗೂಡದಿಂದ ಪಟಾನ್‌ಚೆರುವಿಗೆ ಹೋಗುವ ನಿಮ್ಮ ಬಸ್ಸು ಬ್ರೇಕಿನ ಮೇಲೆ ನಡೆಯುತ್ತಿಲ್ಲ, ಇದರ ಮೇಲೆ ನಡೆಯುತ್ತಿದೆ. ದಿನಾ ಬೆಳಿಗ್ಗೆ ನಿಮ್ಮ ಡ್ರೈವರ್ ಚಕ್ರದ ಕೆಳಗೆ ಇದನ್ನಿಟ್ಟು ದೇವರ ಮೇಲೆ ಭಾರ ಹಾಕಿ ಹೊರಡುತ್ತಾನೆ!"

ಸದನಕ್ಕೆ ಸದನವೇ ನಕ್ಕಿತು. ಮಂತ್ರಿಗಳೂ ನಕ್ಕರು. ಸಭಾಧ್ಯಕ್ಷರು, ವಸ್ತುಗಳನ್ನು ಒಳಗೆ ತಂದು ತೋರಿಸುವಂತಿಲ್ಲ, ಮೊದಲು ಅದನ್ನು ಕೆಳಗಿಡಿ ಎಂದರು. ಇಡುವುದಿಲ್ಲ ಎಂದು ಶಾಸಕರು. ನಿಂಬೆಹಣ್ಣು ಸದನದೊಳಗೆ ಬರಬಹುದೇ ಬರಬಾರದೇ ಎಂಬುದರ ಮೇಲೆ ಎರಡೂ ಕಡೆಯವರು ಎದ್ದು ನಿಂತರು. ಅಷ್ಟರಲ್ಲಿ ವಿಡಿಯೋ ಮುಗಿಯಿತು.

ಅದು ನಮ್ಮ ಹಣ್ಣೇ. ತೆಳು ಸಿಪ್ಪೆಯ ಇಂಡಿಯ ನಿಂಬೆ. ಎಷ್ಟೋ ದಿನ ಜೇಬಿನಲ್ಲೋ ಕಾರಿನಲ್ಲೋ ಇದ್ದು ಸ್ವಲ್ಪ ಬಾಡಿತ್ತು. ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಊರಲ್ಲಿ ನೂರಾರು ಡ್ರೈವರುಗಳಿರಬಹುದು. ಆ ಬಸ್ಸಿಗೆ ದಿನಾ ನಿಂಬೆಹಣ್ಣು ಇಡುವವನು ಯಾರು ಎಂದು ಕೇಳಿದರೆ ಡಿಪೋದಲ್ಲಿ ಚಾ ತರುವವನೂ ಹೇಳುತ್ತಾನೆ. ಹೆಸರು ಹೇಳಲಿಲ್ಲ ನಿಜ, ಹೇಳುವುದಕ್ಕೆ ಇನ್ನೇನು ಉಳಿದಿತ್ತು?

ಇವರಿಗೆ ಫೋನ್ ಮಾಡಲೂ ಆಗದು, ಸ್ಟೀರಿಂಗ್ ಹಿಡಿದಿರುತ್ತಾರೆ. ತಲೆನೋವು ಎಂದು ಹೇಳಿ ಮನೆಗೆ ಬಂದೆ. ಪಕ್ಕದ ಮನೆಯವರು ಆಗಲೇ ಅತ್ತೆಗೆ ವಿಡಿಯೋ ತೋರಿಸಿ ಹೋಗಿದ್ದರು. ಅತ್ತೆ ಹೊಸ ಸೀರೆ ಉಟ್ಟವರ ಹಾಗೆ ಬೀಗುತ್ತ ಕೂತಿದ್ದರು.

"ನಮ್ಮ ಲಿಂಬಿ ಅಸೆಂಬ್ಲಿಗೆ ಹೋತಲ್ಲ! ಇನ್ನ ಬ್ರೇಕ್ ಹಾಕ್ತಾರ ನೋಡು."

"ಬ್ರೇಕ್ ಅಲ್ರಿ ಅತ್ತಿ, ನಿಮ್ಮ ಮಗನ್ನ ತಗೀತಾರ!" ಎಂದು ಕೂಗಿಬಿಟ್ಟೆ. ಅಷ್ಟು ದೊಡ್ಡ ದನಿಯಲ್ಲಿ ಅವರೊಡನೆ ನಾನು ಎಂದೂ ಮಾತಾಡಿರಲಿಲ್ಲ. ಸರ್ಕಾರದ ಗಾಡಿ ಕೆಟ್ಟಿದೆ ಎಂದು ಸರ್ಕಾರದ ನೌಕರನೇ ವಿರೋಧ ಪಕ್ಷದವರಿಗೆ ಹೇಳಿಕೊಟ್ಟ ಎಂದು ತಿಳಿಯುತ್ತಾರೆ, ಸಸ್ಪೆಂಡ್ ಮಾಡುತ್ತಾರೆ, ಗಾಡಿಯ ಮೇಲೆ ನಂಬಿಕೆಯಿಲ್ಲದವನಿಗೆ ಸ್ಟೀರಿಂಗ್ ಯಾಕೆ ಎಂದು ಮನೆಗೇ ಕಳಿಸಲೂಬಹುದು, ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅತ್ತೆಯ ಮುಖ ನೋಡನೋಡುತ್ತ ಇಳಿಯಿತು. "ನಾ ಬ್ರೇಕಿನ ಸಲುವಾಗಿ ಹೇಳಿದ್ನಿ" ಎಂದಷ್ಟೇ ಅಂದರು. ಮತ್ತೆ ಮತ್ತೆ ಅದನ್ನೇ ಅಂದರು.

ಸಂಜೆ ಇವರು ಬಂದರು. ಮುಖ ತೊಳೆದುಕೊಂಡು, ಒರೆಸಿಕೊಳ್ಳುತ್ತ, "ಮ್ಯಾನೇಜರ್ ನಾಳೆ ಬಾ ಅಂದಾರ. ಗಾಡಿ ಮ್ಯಾಲೆ ಬ್ಯಾಡಂತ, ಆಫೀಸಿಗೆ" ಎಂದರು. ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ಅತ್ತೆ ಎಂದಿನಂತೆ ಎಣ್ಣೆಯ ಬಟ್ಟಲು ತಂದು ಪಕ್ಕದಲ್ಲಿಟ್ಟುಕೊಂಡು ಕೂತರು. ಇವರು ಕಾಲು ಚಾಚಲಿಲ್ಲ. ಬಟ್ಟಲು ಹಾಗೇ ಒಳಗೆ ಹೋಯಿತು.

ಇವರು ಹೊರಗೆ ಹೋದ ಮೇಲೆ ಅತ್ತೆ ನಿಂಬೆಯ ಚೀಲವನ್ನು ನಡುಮನೆಗೆ ಎಳೆದು ತಂದು ಸುರಿದರು. ಈಳಿಗೆಮಣೆ ಹಾಕಿಕೊಂಡು ಒಂದೊಂದೇ ಹಣ್ಣು ಹೆಚ್ಚತೊಡಗಿದರು. "ಸಾಹೇಬ್ರು ಮನೀಗಿ ಬಂದು ಹುಡುಕಿದ್ರ? ಉಪ್ಪಿನಕಾಯಿ ಹಾಕಿಬಿಡೋಣು. ಉಪ್ಪಿನಕಾಯಿಗೆ ಯಾರೇನ ಅಂತಾರ?" ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅವತ್ತು ನಾನೂ ಒಂದು ಚಾಕು ತಂದು ಎದುರಿಗೆ ಕೂತೆ. ಬೆರಳು ಕೊಯ್ದುಕೊಂಡೆ, ಉಪ್ಪು ಹುಳಿ ಸೇರಿ ಉರಿಯಿತು, ಆದರೂ ನಿಲ್ಲಿಸಲಿಲ್ಲ. ಇಡೀ ಚೀಲ ಮುಗಿಯಿತು. ಭರಣಿಗಳು ಸಾಲದೆ ಗಲ್ಲಿಯ ಮನೆಮನೆಗೂ ಕೊಟ್ಟೆವು. ಎಲ್ಲರೂ ಏನು ವಿಶೇಷ ಎಂದು ಕೇಳಿದರು.

ಇವರನ್ನು ಗಾಡಿಯಿಂದ ಇಳಿಸಿದರು. ವಿಚಾರಣೆ ಮುಗಿಯುವವರೆಗೆ ಡಿಪೋದಲ್ಲಿ ಕೂತಿರು ಎಂದರಂತೆ. ಮ್ಯಾನೇಜರ್ ಏನೂ ಕೆಟ್ಟವರಲ್ಲ. "ನನ್ನನ್ನು ಮೇಲಿನವರು ಕೇಳುತ್ತಾರೆ, ನಾನು ನಿನ್ನನ್ನು ಕೇಳಬೇಕು" ಎಂದರಂತೆ. ಆ ದಿನಗಳಲ್ಲಿ ಮನೆಯ ಗೇಟಿನ ಸದ್ದಾದರೆ ಮೂವರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ನನಗೆ ಒಳಗೊಳಗೆ ಒಂದು ನೆಮ್ಮದಿಯೂ ಇತ್ತು, ಇವರು ಆ ಗಾಡಿಯ ಮೇಲಿಲ್ಲವಲ್ಲ ಎಂದು. ಇವರಿಗೆ ಅದೂ ಇರಲಿಲ್ಲ. ಆ ಬಸ್ಸನ್ನು ಬೇರೊಬ್ಬ ಡ್ರೈವರ್ ಒಯ್ಯುತ್ತಿದ್ದ. ಡಿಪೋದ ಗೇಟಿನ ಎದುರು ಬೆಂಚಿನ ಮೇಲೆ ಕೂತು, ಅದು ವಾಪಸ್ಸು ಬರುವವರೆಗೆ ದಾರಿ ನೋಡುತ್ತಿದ್ದರಂತೆ. ಬಂದದ್ದು ಕಂಡ ಮೇಲೆಯೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರಂತೆ.

ವಿಚಾರಣೆಗೆ ಮೇಲಿನಿಂದ ಅಧಿಕಾರಿಗಳು ಕಾರಿನಲ್ಲಿ ಬಂದರು. ಡಿಪೋದ ಅಂಗಳದಲ್ಲಿ ಖಾಲಿ ಬಸ್ಸನ್ನು ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿಸಿದರು. ಬಸ್ಸು ನಿಂತಿತು. ಇನ್ನೊಮ್ಮೆ ಒತ್ತಿಸಿದರು. ಇನ್ನೊಮ್ಮೆಯೂ ನಿಂತಿತು. ಗಾಡಿ ಸರಿಯಾಗಿದೆ ಎಂದು ಬರೆದುಕೊಂಡು ಹೋದರು.

"ಜನರನ್ನ ತುಂಬಿ ಫ್ಲೈಓವರ್ ಇಳಿಸಿ ನೋಡ್ರಿ ಅನ್ನಬೇಕಿತ್ತು" ಎಂದೆ ನಾನು.

"ಬಾಯಿ ತನಕ ಬಂದಿತ್ತು. ಬಾಯಾಗ ಇಟ್ಕೊಂಡ್ನಿ" ಅಂದರು.

ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನೌಕರಿಯ ಹೆದರಿಕೆ ಎದುರಿಗೆ ಕೂತಿರುವಾಗ ಸಾವಿನ ಹೆದರಿಕೆ ದೂರದ್ದೆನಿಸುತ್ತದೆ.

ಮಂತ್ರಿಗಳು ಉತ್ತರ ಕೊಡುವ ದಿನ ಟಿವಿಯ ಮುಂದೆ ಮೂವರೂ ಕೂತೆವು. ಮಾಲೀಕರಿಗೆ ಏನೋ ಸುಳ್ಳು ಹೇಳಿ ನಾನು ಅರ್ಧ ದಿನ ರಜೆ ಪಡೆದಿದ್ದೆ. ಮಂತ್ರಿಗಳು ಸಮಾಧಾನದಿಂದ ಓದಿದರು. ಬಸ್ಸನ್ನು ಪರೀಕ್ಷಿಸಲಾಗಿದೆ, ಯಾವ ದೋಷವೂ ಕಂಡುಬಂದಿಲ್ಲ. ಹೊಸ ಬಸ್ಸುಗಳ ವಿಷಯ ಪರಿಶೀಲನೆಯಲ್ಲಿದೆ. ಆಸ್ಪತ್ರೆಯ ನಿಲ್ದಾಣದ ವಿಷಯವೂ ಪರಿಶೀಲನೆಯಲ್ಲಿದೆ. ಎಲ್ಲವೂ ಅಡ್ಡಗೋಡೆಯ ಮೇಲಿಟ್ಟ ದೀಪ. ಆಮೇಲೆ ದನಿ ಸ್ವಲ್ಪ ಏರಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದರಿಂದ ಪ್ರಯಾಣಿಕರಲ್ಲಿ ಅನಗತ್ಯ ಭಯ ಹುಟ್ಟುತ್ತದೆ. ಆದ್ದರಿಂದ ಹಬ್ಬದ ದಿನ ಬಿಟ್ಟು ಬೇರೆ ದಿನ ಯಾವ ಡ್ರೈವರೂ ನಿಂಬೆಹಣ್ಣು ಇಡಬಾರದೆಂದು ಆದೇಶಿಸಲಾಗಿದೆ. ಆ ಡ್ರೈವರನ್ನು ಎಚ್ಚರಿಕೆ ಕೊಟ್ಟು, ಸಹಾನುಭೂತಿಯಿಂದ ಕೆಲಸಕ್ಕೆ ತೆಗೆದುಕೊಳ್ಳಲಾಗುವುದು.

ನಮ್ಮ ಶಾಸಕರು ಎದ್ದು, ಇದು ಜನರ ನಂಬಿಕೆಗೆ ಮಾಡಿದ ಅವಮಾನ ಎಂದರು. ಮೊದಲು ನಿಂಬೆಯನ್ನು ತಮಾಷೆ ಮಾಡಿದವರು ನೀವೇ ಎಂದು ಅತ್ತ ಕಡೆಯವರು. ಅದರ ಮೇಲೆ ಗದ್ದಲವಾಯಿತು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಎಂದರು. ಬ್ರೇಕಿನ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರು" ಎಂದು ಅತ್ತೆ ಎದ್ದು ಒಳಗೆ ಹೋದರು. ನಾನು ಮಾತ್ರ, ನೌಕರಿ ಉಳಿಯಿತಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ. ಇವರು ನನ್ನ ಬೆನ್ನ ಮೇಲೆ ಕೈಯಿಟ್ಟು ಟಿವಿ ನೋಡುತ್ತಲೇ ಇದ್ದರು. ಅದರಲ್ಲಿ ಆಗ ಯಾವುದೋ ಕೆರೆಯ ಪ್ರಶ್ನೆ ನಡೆದಿತ್ತು.

ಕೆಲವು ದಿನಗಳ ಮೇಲೆ ಶಾಸಕರು ಮತ್ತೆ ಗಲ್ಲಿಗೆ ಬಂದರು. ಚರಂಡಿ ನಿಜಕ್ಕೂ ಸರಿಯಾಗಿತ್ತು, ಅದನ್ನು ನೋಡಲು ಬಂದಿದ್ದರು. ನಮ್ಮ ಬಾಗಿಲಲ್ಲಿ ನಿಂತು, "ನೋಡಿದಿರಾ ಅಮ್ಮಾ, ನಿಮ್ಮ ಮಾತು ಸದನದವರೆಗೆ ಮುಟ್ಟಿಸಿದೆ" ಎಂದರು. ಅತ್ತೆ ಚಾ ಕೊಟ್ಟರು. ಬಂದವರಿಗೆ ಚಾ ಇಲ್ಲವೆನ್ನುವ ಮನೆ ನಮ್ಮದಲ್ಲ. ಕಪ್ಪು ಇಸಿದುಕೊಳ್ಳುವಾಗ, "ಔರ್ ಬ್ರೇಕ್, ಸಾಬ್?" ಎಂದು ಕೇಳಿದರು.

"ಎಲ್ಲಾ ದಾಖಲೆಯಲ್ಲಿದೆ ಅಮ್ಮಾ" ಎಂದರು ಅವರು. ಹೋಗುವಾಗ ಅವರ ಕೈಗೆ ಕೊಡಲು ಮನೆಯಲ್ಲಿ ನಿಂಬೆಹಣ್ಣಿರಲಿಲ್ಲ. ಇಂಡಿಯಿಂದ ಹೊಸ ಚೀಲ ಇನ್ನೂ ಬಂದಿರಲಿಲ್ಲ.

ಆ ಚೀಲ ಬಂದ ಮೇಲಿನ ಒಂದು ಬೆಳಗಿನ ಮಾತು. ಇವರು ಮತ್ತೆ ಅದೇ ಗಾಡಿಯ ಮೇಲೆ ಹೋಗತೊಡಗಿದ್ದರು. ಜೇಬಿನಲ್ಲಿ ನಿಂಬೆ ಇರಲಿಲ್ಲ, ಗೇಟಿನಲ್ಲಿ ಜೇಬು ನೋಡುತ್ತಾರೆಂಬ ಹೆದರಿಕೆ. ಬೂಟು ಹಾಕಿಕೊಂಡು ಹೊಸ್ತಿಲ ಹತ್ತಿರ ಬಂದಾಗ ಅತ್ತೆ ಬಗ್ಗಿ ನೆಲದ ಮೇಲೆ ಒಂದು ನಿಂಬೆಹಣ್ಣು ಇಟ್ಟರು.

"ಗಾಲಿಗೆ ಬ್ಯಾಡ ಅಂದಾರ. ಕಾಲಿಗೆ ಬ್ಯಾಡ ಅಂದಿಲ್ಲ. ತುಳಿ ತಮ್ಮಾ."

"ಅವ್ವಾ..."

"ಬಲಗಾಲು. ಬ್ರೇಕ್ ಒತ್ತೂದು ಅದೇ ಹೌದಿಲ್ಲ?"

ಇವರು ತುಳಿದರು. ಹಣ್ಣು ಪಚಕ್ಕೆಂದು ಒಡೆದು ರಸ ಹೊಸ್ತಿಲಿಗೆ ಸಿಡಿಯಿತು. ಇವರು ಹಿಂದೆ ನೋಡದೆ ಹೋದರು, ಅತ್ತೆ ನೆಲ ಒರೆಸಿದರು. ನಾನು ನಗಲಿಲ್ಲ, ಜಗಳವನ್ನೂ ಮಾಡಲಿಲ್ಲ. ಅದು ದಿನದ ರೂಢಿಯಾಯಿತು. ಮೆಕ್ಯಾನಿಕ್ ಸಾಮಾನು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಇದ್ದ.

ಆಮೇಲೆ ಅತ್ತೆ ತಮ್ಮನ ಮಗಳ ಮದುವೆಗೆಂದು ಇಂಡಿಗೆ ಹೋದರು. ಹೋದ ಮರುದಿನ ಬೆಳಿಗ್ಗೆ ಇವರು ಬೂಟು ಹಾಕಿಕೊಂಡು ಹೊಸ್ತಿಲ ಹತ್ತಿರ ಬಂದು ನಿಂತರು. ಏನೂ ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಲಗಾಲನ್ನು ಸ್ವಲ್ಪ ಮುಂದಿಟ್ಟುಕೊಂಡು ಸುಮ್ಮನೆ ನಿಂತಿದ್ದರು. ನಾನು ಅಡುಗೆಮನೆಗೆ ಓಡಿ ಚೀಲಕ್ಕೆ ಕೈ ಹಾಕಿದೆ. ಅದು ಖಾಲಿ. ಅತ್ತೆ ಊರು ಮುಟ್ಟಿದ ಕೂಡಲೇ ರಾತ್ರಿ ಬಸ್ಸಿಗೆ ಹಾಕುತ್ತೇನೆಂದ ಹೊಸ ಚೀಲ ಇನ್ನೂ ಬಂದಿರಲಿಲ್ಲ. ತರಕಾರಿ ಬುಟ್ಟಿಯಲ್ಲಿ ಹಿಂದಿನ ದಿನ ಚಿತ್ರಾನ್ನಕ್ಕೆಂದು ನಾನು ಮಾರ್ಕೆಟ್ಟಿನಿಂದ ತಂದ ಒಂದು ಹಣ್ಣಿತ್ತು. ಅದನ್ನೇ ಸೆರಗಿನಿಂದ ಒರೆಸಿ ತಂದು, ಬಗ್ಗಿ ಅವರ ಬಲಗಾಲಿನ ಮುಂದೆ ಇಟ್ಟೆ. ಅವರು ತುಳಿದು ಹೋದರು.

ನೆಲ ಒರೆಸುವುದನ್ನೂ ಬಿಟ್ಟು ಇಂಡಿಗೆ ಫೋನ್ ಹಚ್ಚಿದೆ. ಹಿಂದೆ ವಾಲಗದ ಸದ್ದು, ಹೆಂಗಸರ ಗಲಾಟೆ.

"ಅತ್ತಿ, ಇಲ್ಲೀ ಲಿಂಬಿ ಇಟ್ಟೀನ್ರಿ. ಮಾರ್ಕೆಟ್ಟಿಂದು. ನಡಿತೈತೇನ್ರಿ?"

ವಾಲಗದ ಸದ್ದು ದೂರವಾಯಿತು, ಅತ್ತೆ ಎದ್ದು ಆಚೆ ಬಂದಿರಬೇಕು. ನಾನು ಇಂಥದ್ದನ್ನು ಕೇಳುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

"ಬಲಗಾಲಿಗೇ ಇಟ್ಟಿ ಹೌದಿಲ್ಲ?"

"ಹೂನ್ರಿ."

"ನಡಿತೈತಿ ತಗೋ. ನಡಿತೈತಿ" ಎಂದರು. ಆದರೆ ಆ ದನಿ ಎಂದಿನದಾಗಿರಲಿಲ್ಲ. ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಪಟಾನ್‌ಚೆರು ಮುಟ್ಟಿದೆ ಎಂದು ಇವರ ಫೋನ್ ಬರುವವರೆಗೆ ಇಬ್ಬರೂ ಹಾಗೇ ಹಿಡಿದುಕೊಂಡು ಕೂತಿದ್ದೆವು.